ಪೀಠೋಪಕರಣ ಲೆಕ್ಕಶೀರ್ಷಿಕೆಯ ದೋಣಿ

ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸ್ಥಾಪನೆಗೊಂಡ ಅಂತರಶಿಸ್ತೀಯ ಸಂಶೋಧನಾ ಸಂಸ್ಥೆಯು ತನ್ನ ಮೊದಲ ವಾರ್ಷಿಕ ವರದಿಯನ್ನು ನುಣುಪು ಕಾಗದದಲ್ಲಿ ಬಹುವರ್ಣಗಳಲ್ಲಿ ಅಚ್ಚು ಹಾಕಿಸಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಓದುಗರು ತಮಗೆ ಹತ್ತಿರದ ಯಾವ ವಿಶ್ವವಿದ್ಯಾಲಯದ ಹೆಸರನ್ನು ತುಂಬಿಕೊಂಡರೂ ವಾಕ್ಯಗಳ ಅರ್ಥ ಕೆಡುವುದಿಲ್ಲ. ವರದಿಯ ಆರಂಭದಲ್ಲಿ ಶುಭ ಸಂದೇಶಗಳಿವೆ, ನಡುವೆ ದೀಪ ಬೆಳಗಿಸುವ ಚಿತ್ರಗಳಿವೆ, ಕೊನೆಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿಯಿದೆ. ಸಂಶೋಧನೆಯು ಈ ಮೂರರ ಸಂದುಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತದೆ.

ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿ. 2040ರ ವೇಳೆಗೆ ದೇಶದ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳೂ ಬಹುಶಿಸ್ತೀಯವಾಗುವ ಗುರಿ ಇಟ್ಟುಕೊಳ್ಳಬೇಕೆಂದು ಆ ನೀತಿಯು ತಕ್ಷಶಿಲೆಯನ್ನೂ ನಳಂದವನ್ನೂ ಬಾಣಭಟ್ಟನು ಹೇಳಿದ 64 ಕಲೆಗಳನ್ನೂ ಸ್ಮರಿಸಿ ಹೇಳಿದೆ. ಕರ್ನಾಟಕವು 2021-22ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಈ ನೀತಿಯನ್ನು ಜಾರಿಗೆ ತಂದಿತು; 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನೀತಿ ಬಂದು ಅರ್ಧ ಹಿಂದಿರುಗಿದರೂ ಸಂಸ್ಥೆ ಮಾತ್ರ ಉಳಿಯಿತು; ಅದರ ಫಲಕಕ್ಕೆ ಗ್ರಾನೈಟ್ ಕೊರೆಯಿಸುವ ಟೆಂಡರ್ ಅಷ್ಟರಲ್ಲಿ ಮುಗಿದಿತ್ತು.

ಮೊದಲ ಕೆಲವು ತಿಂಗಳು ಸಂಸ್ಥೆಯು ತಾನು ಯಾವ ನಿಕಾಯಕ್ಕೆ ಸೇರಿದ್ದೆಂಬ ಮೂಲಭೂತ ಪ್ರಶ್ನೆಯನ್ನು ಕುರಿತು ಸಂಶೋಧನೆ ನಡೆಸಿತು. ವಿಶ್ವವಿದ್ಯಾಲಯದಲ್ಲಿ ಇರುವುದೆಲ್ಲವೂ ಕಲೆ, ವಿಜ್ಞಾನ, ವಾಣಿಜ್ಯ, ಕಾನೂನು, ಶಿಕ್ಷಣ ಎಂಬ ಯಾವುದಾದರೊಂದು ನಿಕಾಯದೊಳಗೇ ಇರಬೇಕು. ಇಲ್ಲವಾದರೆ ಅದರ ಕಡತವನ್ನು ಇಡಲು ಕುಲಸಚಿವರ ಕಚೇರಿಯಲ್ಲಿ ಕಪಾಟಿಲ್ಲ. ಎಲ್ಲ ನಿಕಾಯಗಳಿಗೂ ಸೇರಿದ್ದು ಎಂದರೆ ಯಾವುದಕ್ಕೂ ಸೇರದ್ದು ಎಂದು ವಿಷಯ ನಿರ್ವಾಹಕರು ಟಿಪ್ಪಣಿ ಬರೆದರು. ಕಡೆಗೆ ವಾಣಿಜ್ಯ ನಿಕಾಯದ ಕಟ್ಟಡದಲ್ಲಿ ಒಂದು ಕೊಠಡಿ ಖಾಲಿಯಿದ್ದ ಕಾರಣ, ಸಂಸ್ಥೆಯ ಶೈಕ್ಷಣಿಕ ಸ್ವರೂಪವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ ಅದು ವಾಣಿಜ್ಯ ನಿಕಾಯಕ್ಕೆ ಸೇರಿದ್ದೆಂದು ತೀರ್ಮಾನಿಸಲಾಯಿತು. ನಿರ್ದೇಶಕರ ಹುದ್ದೆಯ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಜ್ಯೇಷ್ಠತೆಯ ಪ್ರಕಾರ ಅದು ಭೌತಶಾಸ್ತ್ರದ ಪ್ರಾಧ್ಯಾಪಕರಿಗೋ ಕನ್ನಡದ ಪ್ರಾಧ್ಯಾಪಕರಿಗೋ ಸಲ್ಲಬೇಕಾಗಿದ್ದು, ಇಬ್ಬರೂ ಒಂದೇ ದಿನ ಸೇವೆಗೆ ಸೇರಿದವರಾಗಿದ್ದರು. ಒಬ್ಬರು ಪೂರ್ವಾಹ್ನವೂ ಇನ್ನೊಬ್ಬರು ಅಪರಾಹ್ನವೂ ವರದಿ ಮಾಡಿಕೊಂಡಿದ್ದರೆಂಬುದು ಹಳೆಯ ಹಾಜರಿ ಪುಸ್ತಕದಿಂದ ಪತ್ತೆಯಾಯಿತು. ಇದನ್ನು ಪತ್ತೆ ಹಚ್ಚಿದ ಸಿಬ್ಬಂದಿ ಶಾಖೆಯ ದ್ವಿತೀಯ ದರ್ಜೆ ಸಹಾಯಕರ ಕೆಲಸವೇ ಆ ವರ್ಷ ಸಂಸ್ಥೆಯ ಸಲುವಾಗಿ ಮೂಲ ದಾಖಲೆಗಳನ್ನು ನೋಡಿ ನಡೆಸಿದ ಮೊದಲ ಅಧ್ಯಯನವೆಂದು ನನ್ನ ಅನಿಸಿಕೆ.

ಅಧ್ಯಯನಕ್ಕೆ ಆರಿಸಿಕೊಂಡ ವಿಷಯವನ್ನು ಮಾತ್ರ ಗೇಲಿ ಮಾಡುವಂತಿಲ್ಲ. ವಿಶ್ವವಿದ್ಯಾಲಯದ ಆವರಣಕ್ಕೆ ಹೊಂದಿಕೊಂಡ ಹಳೆಯ ಕೆರೆಯೊಂದನ್ನು ಅವರು ಆರಿಸಿದರು. ಸುಮಾರು 36 ಸಾವಿರ ಕೆರೆಗಳಿರುವ ರಾಜ್ಯದಲ್ಲಿ ಹಲವು ಶಾಸ್ತ್ರಗಳು ಒಟ್ಟಿಗೆ ಕುಳಿತು ನೋಡಬೇಕಾದ ವಸ್ತು ಕೆರೆಯಲ್ಲದೆ ಇನ್ನಾವುದು? ಏರಿಯನ್ನು ಅರಿಯಲು ಎಂಜಿನಿಯರ್ ಬೇಕು, ಹೂಳನ್ನು ಅರಿಯಲು ಭೂವಿಜ್ಞಾನಿ ಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆ ಮೇಲಿದೆ ಯಾರದು ಕೆಳಗಿದೆ ಎಂಬುದನ್ನು ಅರಿಯಲು ಜಾತಿಯನ್ನೂ ಜಮೀನನ್ನೂ ಬಲ್ಲ ಸಮಾಜಶಾಸ್ತ್ರಜ್ಞ ಬೇಕು, ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಬಿತ್ತುವಟ್ಟವೆಂದೂ ಕಟ್ಟುಗೊಡಗೆಯೆಂದೂ ಭೂಮಿ ಬಿಟ್ಟುಕೊಟ್ಟ ಶಾಸನಗಳನ್ನು ಓದಲು ಲಿಪಿ ಬಲ್ಲವರು ಬೇಕು. ಸರ್ಕಾರವೂ ಕೆರೆಯನ್ನು ಬಹುಶಿಸ್ತೀಯವಾಗಿಯೇ ನೋಡಿಕೊಳ್ಳುತ್ತದೆ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಯದು, ಅದಕ್ಕೆ ಮೇಲ್ಪಟ್ಟು 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು; ಮೀನಿನ ಗುತ್ತಿಗೆಗೆ ಒಂದು ಕಚೇರಿ, ಏರಿಯ ಮೇಲಿನ ಮರಕ್ಕೆ ಇನ್ನೊಂದು, ಒತ್ತುವರಿಯಾದ ಅಂಗಳಕ್ಕೆ ಮತ್ತೊಂದು. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಅದನ್ನು ಆರಿಸಲು ಸೈನಿಕರೇ ಇಳಿಯಬೇಕಾಗಿ ಬಂದಾಗ, ಉರಿಯುವ ನೀರು ಯಾವ ಇಲಾಖೆಗೆ ಸೇರಿದ್ದೆಂಬ ಪ್ರಶ್ನೆಯೂ ಈ ಯಾದಿಗೆ ಸೇರಿಕೊಂಡಿತು.

ಹೀಗೆ ಒಳ್ಳೆಯ ವಿಷಯವನ್ನು ಆರಿಸಿಕೊಂಡ ಸಂಸ್ಥೆಯು ಮೊದಲ ಸಭೆಯಲ್ಲಿಯೇ ಅದನ್ನು ವಿಭಾಗವಾರು ಹಂಚಿತು. ನೀರು ರಸಾಯನಶಾಸ್ತ್ರಕ್ಕೆ, ನೀರಿನೊಳಗಿನ ಜೀವಿಗಳು ಪ್ರಾಣಿಶಾಸ್ತ್ರಕ್ಕೆ, ನೀರಿನ ಮೇಲೆ ತೇಲುವ ಸಸ್ಯಗಳು ಸಸ್ಯಶಾಸ್ತ್ರಕ್ಕೆ, ಏರಿಯ ಮೇಲಿನ ಗುಡಿಯು ಜಾನಪದಕ್ಕೆ, ಗುಡಿಯ ಮುಂದಿನ ಶಾಸನವು ಇತಿಹಾಸಕ್ಕೆ ಬಂದವು. ಶಾಸನದ ಭಾಷೆ ತಮ್ಮದೆಂದು ಕನ್ನಡ ವಿಭಾಗವು ಆಕ್ಷೇಪಿಸಿದ್ದರಿಂದ ಕಲ್ಲನ್ನು ಇತಿಹಾಸಕ್ಕೂ ಅಕ್ಷರಗಳನ್ನು ಕನ್ನಡಕ್ಕೂ ಬಿಟ್ಟುಕೊಡಲಾಯಿತು. ಒಂದು ವಿಭಾಗದವರು ಇನ್ನೊಂದು ವಿಭಾಗದ ಪಾಲಿನ ಮೇಲೆ ಅಭಿಪ್ರಾಯ ವ್ಯಕ್ತಪಡಿಸುವಾಗ ಸೂಕ್ತ ಮಾರ್ಗದ ಮೂಲಕ, ಅಂದರೆ ಆಯಾ ವಿಭಾಗಾಧ್ಯಕ್ಷರ ಮೂಲಕ, ಲಿಖಿತ ಅನುಮತಿ ಪಡೆಯತಕ್ಕದ್ದೆಂಬ ಸುತ್ತೋಲೆಯು ವರದಿಯಲ್ಲಿ ಸಂಸ್ಥೆಯ ಪ್ರಮುಖ ಸಾಧನೆಗಳ ಅಡಿಯಲ್ಲಿ ದಾಖಲಾಗಿದೆ.

ಕೆರೆಯ ನಡುವಿನಿಂದ ನೀರಿನ ಮಾದರಿ ತರಲು ಒಂದು ದೋಣಿ ಬೇಕೆಂದು ರಸಾಯನಶಾಸ್ತ್ರ ವಿಭಾಗವು ಮಳೆಗಾಲದಲ್ಲಿಯೇ ಬೇಡಿಕೆ ಸಲ್ಲಿಸಿತ್ತು. ಅನುದಾನದಲ್ಲಿ ಪುಸ್ತಕ, ಉಪಕರಣ, ಪೀಠೋಪಕರಣ, ಪ್ರಯಾಣ ಮತ್ತು ಇತರೆ ಎಂಬ ಲೆಕ್ಕಶೀರ್ಷಿಕೆಗಳಿದ್ದವೇ ಹೊರತು ದೋಣಿಗೆಂದು ಯಾವುದೂ ಇರಲಿಲ್ಲ. ಅದು ವಾಹನವೇ ಎಂದು ಹಣಕಾಸು ಅಧಿಕಾರಿಗಳು ಕೇಳಿದರು. ವಾಹನವಾದರೆ ಖರೀದಿಗೆ ಸರ್ಕಾರದ ಪೂರ್ವಾನುಮತಿ ಬೇಕು. ಉಪಕರಣವೆನ್ನೋಣವೆಂದರೆ ಅದು ಯಾವುದನ್ನೂ ಅಳೆಯುವುದಿಲ್ಲ. ದರಪಟ್ಟಿಗಳು ಬಂದವು, ತುಲನಾತ್ಮಕ ತಖ್ತೆ ತಯಾರಾಯಿತು, ಕಡತವು ಮೇಲಕ್ಕೂ ಕೆಳಕ್ಕೂ ಓಡಾಡಿತು, ಚಳಿಗಾಲವೂ ಕಳೆಯಿತು. ಮಾರ್ಚ್ 31ರೊಳಗೆ ಖರ್ಚಾಗದ ಹಣ ಹಿಂದಕ್ಕೆ ಹೋಗುವುದೆಂಬ ಭಯವು ಆಡಳಿತದ ಕಲ್ಪನಾಶಕ್ತಿಯನ್ನು ಚುರುಕುಗೊಳಿಸಿದಾಗ, ಮೂವರು ಕುಳಿತುಕೊಳ್ಳಬಹುದಾದ ಹಲಗೆಗಳನ್ನು ಹೊಂದಿರುವ ಕಾರಣ ದೋಣಿಯು ಪೀಠೋಪಕರಣವೆಂದು ತೀರ್ಮಾನವಾಯಿತು. ದಾಸ್ತಾನು ವಹಿಯಲ್ಲಿ ಅದು ‘ಆಸನ, ಮರದ್ದು, ಮೂವರಿಗೆ’ ಎಂದು ನಮೂದಾಗಿದೆ. ದೋಣಿ ಬಂದಾಗ ಕೆರೆಯಲ್ಲಿ ನೀರಿರಲಿಲ್ಲ. ಈಗ ಅದು ಸಂಸ್ಥೆಯ ಮೊಗಸಾಲೆಯಲ್ಲಿದ್ದು, ನಿರ್ದೇಶಕರನ್ನು ಕಾಣಲು ಬಂದವರು ಅದರಲ್ಲಿ ಕುಳಿತು ಕಾಯುತ್ತಾರೆ. ಲೆಕ್ಕ ಪರಿಶೋಧಕರು ಭೌತಿಕ ಪರಿಶೀಲನೆಗೆ ಬಂದಾಗ ಪೀಠೋಪಕರಣವು ಪೀಠೋಪಕರಣವಾಗಿಯೇ ಬಳಕೆಯಾಗುತ್ತಿರುವುದನ್ನು ಕಂಡು ತೃಪ್ತಿ ವ್ಯಕ್ತಪಡಿಸಿದರು.

ಯೋಜನೆಯ ಅಂತಿಮ ವರದಿಯು ವಿಭಾಗಕ್ಕೊಂದರಂತೆ ಅಧ್ಯಾಯಗಳಿರುವ ದಪ್ಪನೆಯ ಗ್ರಂಥ. ಭೂಗೋಳ ಅಧ್ಯಾಯದಲ್ಲಿ ಕೆರೆಗೆ ಒಂದು ವಿಸ್ತೀರ್ಣ, ಇತಿಹಾಸ ಅಧ್ಯಾಯದಲ್ಲಿ ಇನ್ನೊಂದು. ಎರಡನ್ನೂ ಹಾಗೆಯೇ ಅಚ್ಚು ಮಾಡಿ, ಇದು ಶಿಸ್ತುಗಳ ನಡುವಿನ ಸೃಜನಶೀಲ ಸಂವಾದವೆಂದು ಸಂಪಾದಕೀಯದಲ್ಲಿ ಕೊಂಡಾಡಲಾಗಿದೆ. ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರದ ಅಧ್ಯಾಯಗಳಲ್ಲಿ ಪೀಠಿಕೆಯ ಪುಟಗಳು ಪೂರ್ಣವಿರಾಮವೂ ತಪ್ಪದಂತೆ ಒಂದೇ ಆಗಿದ್ದವು. ಕೃತಿಚೌರ್ಯವನ್ನು ಹಿಡಿಯುವ ತಂತ್ರಾಂಶವು ಅದಕ್ಕೆ ಕೆಂಪು ಬಣ್ಣ ಬಳಿಯಿತು. ಯುಜಿಸಿಯ 2018ರ ನಿಯಮಾವಳಿಯು ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲವಾದ್ದರಿಂದ, ಉಳಿದ ಅಧ್ಯಾಯಗಳಿಗೆ ಪುಟಗಳನ್ನು ಸೇರಿಸಿ ಗ್ರಂಥವನ್ನು ಇನ್ನಷ್ಟು ದಪ್ಪಗೊಳಿಸಿ ಶೇಕಡಾವಾರು ಪ್ರಮಾಣವನ್ನು ಇಳಿಸಲಾಯಿತು. ಎರಡು ವಿಭಾಗಗಳ ನಡುವೆ ಇಡೀ ವರ್ಷದಲ್ಲಿ ಮೂಡಿದ ಏಕೈಕ ಸಹಮತವನ್ನು ಒಂದು ಯಂತ್ರವು ಅಪರಾಧವೆಂದು ಗುರುತಿಸಿದ್ದು ದುರದೃಷ್ಟಕರ.

ಆದರೆ ಎಲ್ಲ ಶಾಸ್ತ್ರಗಳೂ ನಿಜವಾಗಿ ಒಂದಾದ ಸ್ಥಳವೊಂದಿದೆ. ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆಯ ಮೇಲೆ ಈಗ ಒಂದು ಬಡಾವಣೆಯಿದೆ. ಅದರಲ್ಲಿ ವಿಶ್ವವಿದ್ಯಾಲಯದ ನೌಕರರ ನಿವೇಶನಗಳೂ ಸಿಂಡಿಕೇಟ್ ಸದಸ್ಯರೊಬ್ಬರ ಬಂಧುಗಳ ಕಲ್ಯಾಣ ಮಂಟಪವೂ ಇವೆ. ಕೆರೆ ಏಕೆ ತುಂಬುವುದಿಲ್ಲವೆಂಬ ಪ್ರಶ್ನೆಗೆ ಭೂವಿಜ್ಞಾನ ಅಧ್ಯಾಯವು ಇದು ಜಲಾನಯನದ ಮೇಲ್ಮೈ ಬದಲಾವಣೆಗೆ ಸಂಬಂಧಿಸಿದ್ದು, ಭೂಗೋಳದವರು ನೋಡಬೇಕು ಎನ್ನುತ್ತದೆ. ಭೂಗೋಳ ಅಧ್ಯಾಯವು ಇದು ಭೂಬಳಕೆಯ ಪ್ರಶ್ನೆಯಾಗಿದ್ದು ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎನ್ನುತ್ತದೆ. ಕಾನೂನು ಅಧ್ಯಾಯವು 2014ರ ಕೆರೆ ಸಂರಕ್ಷಣಾ ಅಧಿನಿಯಮವನ್ನು ಭಕ್ತಿಯಿಂದ ವಿವರಿಸಿ, ಸ್ಥಳೀಯ ಸಂಗತಿಗಳು ಸಮಾಜಶಾಸ್ತ್ರದವು ಎಂದು ಮುಗಿಯುತ್ತದೆ. ಸಮಾಜಶಾಸ್ತ್ರ ಅಧ್ಯಾಯದ ಪ್ರಕಾರ ಇದು ಮೂಲತಃ ಮಳೆಯ ಕೊರತೆ, ಆದ್ದರಿಂದ ಭೂವಿಜ್ಞಾನಕ್ಕೆ ಸೇರಿದ್ದು. ಇಷ್ಟು ಅಚ್ಚುಕಟ್ಟಾದ ಸಹಯೋಗವನ್ನು ಯಾವ ಸಮನ್ವಯ ಸಮಿತಿಯೂ ರೂಪಿಸಲಾರದು.

ಉಳಿದ ಚಟುವಟಿಕೆಗಳನ್ನು ಬೇಗ ಮುಗಿಸಬಹುದು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ತಂಡದ ಭೇಟಿಗೆ ಮುಂಚೆ ಒಡಂಬಡಿಕೆಗಳಿಗೆ ಸಹಿ ಬಿದ್ದವು, ಸಹಿ ಹಾಕಿದವರ ಚಿತ್ರಗಳೂ ಬಂದವು. ರಾಷ್ಟ್ರೀಯ ವಿಚಾರಸಂಕಿರಣವೊಂದು ನಡೆದು, ದಿಕ್ಸೂಚಿ ಭಾಷಣವೂ ಸನ್ಮಾನವೂ ಮಧ್ಯಾಹ್ನದ ಊಟದವರೆಗೆ ಬೆಳೆದ ಕಾರಣ ಪ್ರಬಂಧಗಳನ್ನು ಮಂಡಿಸಲಾಗಿದೆಯೆಂದು ಭಾವಿಸಿ ಪ್ರಮಾಣಪತ್ರ ವಿತರಿಸಲಾಯಿತು. ಲಂಡನ್ನಿನ ಟೈಮ್ಸ್ ಹೈಯರ್ ಎಜುಕೇಶನ್ 2024ರ ನವೆಂಬರ್‌ನಲ್ಲಿ ಅಂತರಶಿಸ್ತೀಯ ವಿಜ್ಞಾನಕ್ಕೆಂದೇ ಶ್ರೇಯಾಂಕ ಪಟ್ಟಿಯನ್ನು ಹೊರತಂದು ಅಮೆರಿಕದ ಎಂಐಟಿಗೆ ಮೊದಲ ಸ್ಥಾನ ಕೊಟ್ಟ ಸುದ್ದಿ ತಿಳಿದು, ಎಂಐಟಿಯನ್ನು ಹಿಂದಿಕ್ಕುವ ಬಗೆಯನ್ನು ಸೂಚಿಸಲು ಒಂದು ಉಪಸಮಿತಿ ರಚನೆಯಾಗಿದೆ. ಉಪಸಮಿತಿಯ ಕೊಠಡಿಗೆ ಬೀಗದ ಕೈ ಸಿಕ್ಕಿಲ್ಲ.

ಇಷ್ಟೆಲ್ಲದರ ನಡುವೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಕೆರೆಗೆ ಹೋದಳು. ಹೀಗೆ ಹೋಗುವುದು ಯೋಜನೆಯ ಭಾಗವಾಗಿರಲಿಲ್ಲ. ಅವಳು ಶಾಸನದಲ್ಲಿ ಹೇಳಿದ ಹಳೆಯ ತೂಬನ್ನು ಹುಡುಕಿ, ನೀರಿನ ಹಾದಿಯನ್ನು ನಕ್ಷೆಯಲ್ಲಿ ಗುರುತಿಸಿ, ಕಾಲುವೆ ಬಡಾವಣೆಯ ಯಾವ ಬೀದಿಯ ಅಡಿಯಲ್ಲಿ ಮಲಗಿದೆಯೆಂದು ಬರೆದಳು. ಪಿಎಚ್‌.ಡಿ. ನೋಂದಣಿಯ ಅರ್ಜಿಯಲ್ಲಿ ವಿಷಯದ ಅಂಕಣಕ್ಕೆ ಒಂದೇ ಹೆಸರು ಹಿಡಿಸುತ್ತಿತ್ತು. ಅವಳು ‘ಅಂತರಶಿಸ್ತೀಯ’ ಎಂದು ಬರೆದಳು, ಪದವಿಯೂ ಹಾಗೆಯೇ ಬಂದಿತು. ಅದೇ ವಿಶ್ವವಿದ್ಯಾಲಯವು ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಅರ್ಜಿ ಕರೆದಾಗ, ಅವಳ ಪದವಿಯು ಇತಿಹಾಸಕ್ಕೂ ಭೂಗೋಳಕ್ಕೂ ಸಂಬಂಧಿತ ವಿಷಯದ್ದಲ್ಲವೆಂದು ಪರಿಶೀಲನಾ ಸಮಿತಿಯು ಅರ್ಜಿಯನ್ನು ತಿರಸ್ಕರಿಸಿತು. ಸಮಿತಿಯ ಅಧ್ಯಕ್ಷರು ಅಂತರಶಿಸ್ತೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರೇ ಆಗಿದ್ದರು.

ಸಮಿತಿಯನ್ನು ದೂರುವುದು ಸರಿಯಲ್ಲ, ಅದು ನಿಯಮದಂತೆ ನಡೆದುಕೊಂಡಿದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ, ಗಿಡಮರಗಳನ್ನು ಕುರಿತ ಕನ್ನಡ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರು ಇಂದು ಅರ್ಜಿ ಹಾಕಿದ್ದರೆ, ಆ ಪ್ರಶಸ್ತಿಯನ್ನು ಸಸ್ಯಶಾಸ್ತ್ರದವರು ‘ಇತರೆ’ ಎಂಬ ಅಂಕಣಕ್ಕೆ ತಳ್ಳುತ್ತಿದ್ದರು, ಕನ್ನಡದವರು ಎಂ.ಎ. ಅಂಕಪಟ್ಟಿಯನ್ನು ಕೇಳುತ್ತಿದ್ದರು. ಗಣಿತಜ್ಞರಾಗಿದ್ದು, ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ತಕ್ಕಡಿಯಲ್ಲಿ ತೂಗಿ ಸಂಖ್ಯಾಶಾಸ್ತ್ರದ ಬಲದಿಂದ ಚರಿತ್ರೆಯನ್ನು ಓದಿದ ಡಿ.ಡಿ. ಕೋಸಂಬಿಯವರ ಕರಾರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1962ರಲ್ಲಿಯೇ ನವೀಕರಿಸಿರಲಿಲ್ಲ. ನಮ್ಮ ಸಮಿತಿಗೆ ಅಷ್ಟು ಕಾಯುವ ಅಗತ್ಯವೂ ಬೀಳುತ್ತಿರಲಿಲ್ಲ, ತಕ್ಕಡಿಯ ಖರೀದಿಯ ಹಂತದಲ್ಲಿಯೇ ಕಡತ ನಿಲ್ಲುತ್ತಿತ್ತು.

ವಿದ್ಯಾರ್ಥಿನಿಗೆ ಕೆರೆಯನ್ನು ತೋರಿಸಿದವರು ಆ ಊರಿನ ಹಿರಿಯ ನೀರುಗಂಟಿ. ತೂಬನ್ನು ಯಾವಾಗ ಎತ್ತಬೇಕು, ಬರದ ವರ್ಷದಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿ ಎಲ್ಲಿ ಒಸರುತ್ತದೆ, ಯಾವ ಮನೆತನಕ್ಕೂ ಯಾವ ಮನೆತನಕ್ಕೂ ನೀರಿನ ಸಲುವಾಗಿ ಮಾತಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ‘ಹಸ್ತೆ, ಚಿತ್ತೆ ಮಳೆ ಹೆಂಗೆ ಹೊಡೀತದೆ ಅಂತ ನೋಡ್ಕೊಂಡು ಲೆಕ್ಕ ಹಾಕ್ತೀವಿ ಕಣವ್ವ’ ಎಂದು ಅವರು ಹೇಳಿದ ಮಾತನ್ನು ಅವಳು ತನ್ನ ಪ್ರಬಂಧದಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾಳೆ. ಸಂಸ್ಥೆಯ ಗ್ರಂಥದಲ್ಲಿ ಅವರು ‘ಮಾಹಿತಿದಾರ, ಪುರುಷ’ ಎಂದು ಮಾತ್ರ ಕಾಣಿಸಿಕೊಳ್ಳುತ್ತಾರೆ.

ಅವರಿಗೆ 500 ರೂಪಾಯಿ ಗೌರವಧನ ಕೊಡಿಸಲು ವಿದ್ಯಾರ್ಥಿನಿಯು ಬಿಲ್ಲು ಸಲ್ಲಿಸಿದ್ದಳು. ಪಾನ್ ಕಾರ್ಡ್ ಇಲ್ಲವೆಂದು ಅದು ಒಮ್ಮೆ ಹಿಂದಿರುಗಿತು, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಅಸ್ಪಷ್ಟವೆಂದು ಇನ್ನೊಮ್ಮೆ ಹಿಂದಿರುಗಿತು. ಮೂರನೆಯ ಸಲ, ಸಂಪನ್ಮೂಲ ವ್ಯಕ್ತಿಯ ವಿಷಯ ಪರಿಣತಿಯನ್ನು ನಮೂದಿಸುವ ಅಂಕಣ ಖಾಲಿಯಿದೆ ಎಂಬ ಆಕ್ಷೇಪಣೆ ಬಂದಿತು. ಅವಳು ಊರಿಗೆ ಹೋಗಿ ಕೇಳಿದಾಗ ಅವರು ಹೇಳಿದಂತೆ ‘ನೀರು’ ಎಂದು ತುಂಬಿ ಕಳುಹಿಸಿದಳು. ವಾರ್ಷಿಕ ವರದಿಯ ಕೊನೆಯ ಅನುಬಂಧದಲ್ಲಿ ಆ ಬಿಲ್ಲು ಈಗಲೂ ಬಾಕಿಯಿದ್ದು, ಅದರ ಎದುರಿಗೆ ಹಣಕಾಸು ವಿಭಾಗದ ಷರಾ ಹೀಗಿದೆ: ಸದರಿ ವಿಷಯವು ವಿಶ್ವವಿದ್ಯಾಲಯದ ಅನುಮೋದಿತ ವಿಷಯಗಳ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ, ರಸಾಯನಶಾಸ್ತ್ರ ವಿಭಾಗಾಧ್ಯಕ್ಷರ ದೃಢೀಕರಣದೊಂದಿಗೆ ಮರುಸಲ್ಲಿಸುವುದು.