ಒಮ್ಮೆ ಮಗುಚಿ ನೋಡಿ

ಮಧ್ಯಾಹ್ನದಿಂದ ತಲೆ ಕಾದಿದೆ. ಬರೆದುಬಿಟ್ಟರೆ ಇಳಿಯಬಹುದು.

ದಿಂಬಿನ ಕವರ್ ತರಲು ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲೇ ಕಾರ್ಪೆಟ್ ವಿಭಾಗ. ಹೊಸದಾಗಿ ಮನೆ ಮಾಡಿದ ಒಂದು ಜೋಡಿ ಫೋನಿನಲ್ಲಿದ್ದ ಸೋಫಾದ ಫೋಟೊ ಹಿಡಿದು ಒಂದೊಂದು ಕಾರ್ಪೆಟ್ಟಿಗೂ ಬಣ್ಣ ಹೊಂದಿಸುತ್ತಿತ್ತು. ಕೊನೆಗೆ ಬೆಳ್ಳಿ ಬಣ್ಣದ, ಬೆಣ್ಣೆಯಂತೆ ನುಣುಪಾದ ಒಂದರ ಮುಂದೆ ನಿಂತರು. "ಬ್ಯಾಂಬೂ ಸಿಲ್ಕ್, ಹ್ಯಾಂಡ್‌ಮೇಡ್" ಅಂದ ಮಾರುವವನು. ಹುಡುಗಿ ಅಂಚು ಹಿಡಿದು ಮಗುಚಲು ಹೋದಳು. "ಹಿಂದೆ ಏನೂ ಇಲ್ಲ ಮೇಡಂ, ಬರೀ ಬಟ್ಟೆ" ಅಂದುಬಿಟ್ಟ. ಅವಳು ಕೈ ಬಿಟ್ಟಳು.

ನನಗೆ ಸಿಟ್ಟು ಬಂದದ್ದು ಅಲ್ಲೇ. ಹಿಂದೆ ಏನೂ ಇಲ್ಲ ಅನ್ನುವುದು ಎಂಥ ಮಾತು? ಕಾರ್ಪೆಟ್ಟಿನ ಜಾತಕ ಬರೆದಿರುವುದೇ ಅದರ ಬೆನ್ನ ಮೇಲೆ!

ನೂಲು ಪರೀಕ್ಷಿಸುವ ಲ್ಯಾಬಿನಲ್ಲಿ ನಾನು ಎಷ್ಟು ವರ್ಷ ಕಳೆದೆ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಹೇಳುತ್ತೇನೆ, ಕೇಳಿ. ಕೈಯಲ್ಲಿ ಗಂಟು ಹಾಕಿ ನೇಯ್ದ ಕಾರ್ಪೆಟ್ಟನ್ನು ಮಗುಚಿದರೆ ಮುಂದಿರುವ ಹೂಬಳ್ಳಿಯೇ ಹಿಂದೆಯೂ ಕಾಣುತ್ತದೆ. ಒಂದೊಂದು ಗಂಟೂ ಚುಕ್ಕಿಯಂತೆ, ಸಾಲು ಸ್ವಲ್ಪ ಅಂಕುಡೊಂಕು. ತುದಿಯ ಕುಚ್ಚು ಆಮೇಲೆ ಹೊಲಿದದ್ದಲ್ಲ, ನೇಯುವಾಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳೇ ಹೊರಗೆ ಬಂದಿರುತ್ತವೆ. ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ಬಹುಮಟ್ಟಿಗೆ ಟಫ್ಟೆಡ್. ಬಿಗಿದು ಕಟ್ಟಿದ ಬಟ್ಟೆಗೆ ಗನ್ನಿನಂಥ ಯಂತ್ರ ಹಿಡಿದು ನೂಲು ಚುಚ್ಚುತ್ತಾರೆ, ಹಿಂದೆ ಲ್ಯಾಟೆಕ್ಸ್ ಅಂಟು ಬಳಿಯುತ್ತಾರೆ, ಅದು ಕಾಣದಂತೆ ಮೇಲೊಂದು ಬಟ್ಟೆ. ಗನ್ನನ್ನು ಕೈಯಲ್ಲೇ ಹಿಡಿಯುವುದರಿಂದ 'ಹ್ಯಾಂಡ್‌ಮೇಡ್' ಅಂದರೆ ಸುಳ್ಳಾಗುವುದಿಲ್ಲ. ಆದರೆ ಗಂಟು ಒಂದೂ ಇಲ್ಲ, ನೂಲನ್ನು ಹಿಡಿದಿರುವುದು ಅಂಟು. ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗಿ ನೆಲಕ್ಕೆ ಉದುರುತ್ತದೆ, ಕೆಲವು ವಾಸನೆಯನ್ನೂ ಬಿಡುತ್ತವೆ. ಅವನು 'ಬರೀ ಬಟ್ಟೆ' ಅಂದದ್ದರಲ್ಲೇ ಎಲ್ಲವೂ ಇತ್ತು. ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಗಂಟು ಎಷ್ಟು ಕಾಲ ನಿಲ್ಲುತ್ತದೆ ಅಂತೀರಾ? 1949ರಲ್ಲಿ ಸೈಬೀರಿಯಾದ ಅಲ್ಟಾಯ್ ಬೆಟ್ಟಗಳ ಪಾಜಿರಿಕ್ ಎಂಬಲ್ಲಿ ಪುರಾತತ್ವಜ್ಞ ಸರ್ಗೆಯ್ ರುಡೆಂಕೊ ಒಂದು ಸಮಾಧಿ ಅಗೆಸಿದಾಗ ಉಣ್ಣೆಯ ಕಾರ್ಪೆಟ್ ಸಿಕ್ಕಿತು. ಸುಮಾರು 2,400 ವರ್ಷ ಹಳೆಯದು, ಹೆಚ್ಚುಕಡಿಮೆ 2 ಮೀಟರ್ ಚೌಕ. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ. ಹಿಮದಲ್ಲಿ ಹೆಪ್ಪುಗಟ್ಟಿದ್ದರಿಂದ ಉಳಿಯಿತು, ನಿಜ. ಆದರೂ ಅದರ ಕುದುರೆ ಸವಾರರ, ಜಿಂಕೆಗಳ ಸಾಲು ಇವತ್ತಿಗೂ ಕಣ್ಣಿಗೆ ಕಾಣುವಂತೆ ನಿಂತಿರುವುದು ಒಂದೊಂದಾಗಿ ಹಾಕಿದ ಗಂಟುಗಳ ಬಲದ ಮೇಲೆ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇನ್ನು ಆ 'ಬ್ಯಾಂಬೂ ಸಿಲ್ಕ್'. ಹೆಸರಿನಲ್ಲಿ ರೇಷ್ಮೆ ಇದೆ, ನೂಲಿನಲ್ಲಿಲ್ಲ. ಅದು ವಿಸ್ಕೋಸ್. ಮರದ ಅಥವಾ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ಎಳೆ. ಹೊಳಪು ಸುಂದರ, ಒಪ್ಪುತ್ತೇನೆ. ಆದರೆ ಒದ್ದೆಯಾದರೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿದುಹೋಗುತ್ತದೆ. ಒಂದು ಲೋಟ ನೀರು ಚೆಲ್ಲಿದರೂ ಕಲೆ ನಿಲ್ಲಬಹುದು, ಉಜ್ಜಿದರೆ ಎಳೆ ಮುರಿಯುತ್ತದೆ. ಜನ ಓಡಾಡದ ಮಲಗುವ ಕೋಣೆಯ ಮೂಲೆಗೆ ಸರಿ. ಆ ಜೋಡಿ ಕೊಳ್ಳುತ್ತಿದ್ದದ್ದು ಸೋಫಾ ಇರುವ ಹಾಲ್‌ಗೆ, ಜೊತೆಗೆ ಸ್ಟ್ರಾಲರಿನಲ್ಲಿ ಮಗು ಬೇರೆ.

"ಎಲ್ಲರಿಗೂ ಇಷ್ಟೆಲ್ಲ ತಿಳಿದಿರಬೇಕಾ, ಚೆಂದ ಕಂಡರೆ ಸಾಲದಾ" ಅಂತ ನೀವು ಕೇಳಬಹುದು. ಮನೆಯಲ್ಲಿ ಹೋದ ವಾರವೇ ಈ ವಾದ ಆಗಿದೆ. ಚೆಂದ ಬೇಡ ಅನ್ನಲು ನಾನ್ಯಾರು? ದುಬಾರಿ ಗಂಟಿನ ಕಾರ್ಪೆಟ್ಟೇ ಬೇಕು ಅಂತಲೂ ಹೇಳುತ್ತಿಲ್ಲ. ಮಕ್ಕಳಿರುವ ಮನೆಗೆ ಪಾಲಿಪ್ರೊಪಿಲೀನ್ ಅನ್ನುವ ಅಗ್ಗದ ಪ್ಲಾಸ್ಟಿಕ್ ನೂಲಿನದು ಒಳ್ಳೆಯ ಆಯ್ಕೆಯೇ, ಅದು ನೀರು ಕುಡಿಯುವುದಿಲ್ಲ. ಎಣ್ಣೆ ಕಲೆ ಮಾತ್ರ ಹಟ ಹಿಡಿಯುತ್ತದೆ, ಭಾರದ ಪೀಠೋಪಕರಣದಡಿ ಚಪ್ಪಟೆಯಾದರೆ ಸುಲಭಕ್ಕೆ ಏಳುವುದಿಲ್ಲ. ತುಳಿತ ಜಾಸ್ತಿ ಇರುವ ಕಡೆ ನೈಲಾನ್ ಮತ್ತೆ ಮತ್ತೆ ಪುಟಿದು ನಿಲ್ಲುತ್ತದೆ. ಬೆಕ್ಕಿರುವ ಮನೆಗೆ ಕುಣಿಕೆ ಕತ್ತರಿಸದ ಲೂಪ್ ಪೈಲ್ ಬೇಡ, ಉಗುರು ಸಿಕ್ಕಿ ಸಾಲಾಗಿ ಕಿತ್ತು ಬರುತ್ತದೆ. ನನ್ನ ಮನಸ್ಸು ಉಣ್ಣೆಯ ಕಡೆಗೇ. ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ಬೆಂಕಿ ಸುಲಭಕ್ಕೆ ಹಿಡಿಯುವುದಿಲ್ಲ. ಹೊಸತರಲ್ಲಿ ಕೆಲವು ತಿಂಗಳು ಕೂದಲು ಉದುರಿಸುತ್ತದೆ, ಹೆದರಬೇಡಿ. ನುಸಿ ತಿನ್ನದಂತೆ ಆಗಾಗ ಎತ್ತಿ ಒದರಿ, ಕೆಳಗಿನ ನೆಲವನ್ನೂ ಗುಡಿಸಿ. ಏನನ್ನಾದರೂ ಕೊಳ್ಳಿ, ಆದರೆ ತಿಳಿದು ಕೊಳ್ಳಿ. ಆ ಹುಡುಗಿ ತಿಳಿಯಲೆಂದೇ ಕೈ ಹಾಕಿದ್ದಳು, ಅವನು ತಡೆದ. ನನ್ನ ಜಗಳ ಅದಕ್ಕೇ.

ಇನ್ನೊಂದು ಮಾತು. ಇದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ. ಮೂರು ವರ್ಷದ ಹಿಂದೆ ಅಮ್ಮ ಬಿದ್ದು ಸೊಂಟ ಮುರಿದುಕೊಂಡದ್ದು ನನ್ನ ಕಾರ್ಪೆಟ್ಟಿನ ಮೇಲೆ. ಒಳ್ಳೆಯ ಉಣ್ಣೆ, ಒಳ್ಳೆಯ ಗಂಟು, ಬೆನ್ನು ಮಗುಚಿ ನೋಡಿಯೇ ತಂದದ್ದು. ನುಣುಪು ನೆಲದ ಮೇಲೆ ಅಡಿಯಲ್ಲಿ ಜಾರದಂತೆ ತಡೆಯುವ ರಬ್ಬರ್ ಪ್ಯಾಡ್ ಹಾಕಿರಲಿಲ್ಲ. ನೂಲಿನ ಬಗ್ಗೆ ಎಲ್ಲ ಗೊತ್ತಿದ್ದ ನಾನು ಅಮ್ಮನ ಕಾಲಿನ ಬಗ್ಗೆ ಯೋಚಿಸಲಿಲ್ಲ. ಅಮ್ಮ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ಈಗ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮಡಚಿಕೊಂಡ ಮೂಲೆಗೆ. ಪ್ಯಾಡ್ ಕಾರ್ಪೆಟ್ಟಿಗಿಂತ ಸ್ವಲ್ಪ ಚಿಕ್ಕದಿರಲಿ, ಆಗ ಅಂಚು ನೆಲಕ್ಕೆ ಕೂರುತ್ತದೆ. ವಯಸ್ಸಾದವರು ನಡೆದಾಡುವ ದಾರಿಯಲ್ಲಾದರೆ ಕಾರ್ಪೆಟ್ಟೇ ಬೇಡ.

ಅಳತೆಗೆ ಹಳೆಯ ಬೆಡ್‌ಶೀಟ್ ಮಡಚಿ ನೆಲಕ್ಕೆ ಹಾಸಿ ಎರಡು ದಿನ ಓಡಾಡಿ ನೋಡಿ. ಊಟದ ಮೇಜಿನಡಿಗಾದರೆ ಸುತ್ತ 60 ಸೆಂಟಿಮೀಟರಾದರೂ ಹೊರಗಿರಲಿ, ಇಲ್ಲದಿದ್ದರೆ ಕುರ್ಚಿ ಹಿಂದೆ ಎಳೆದಾಗಲೆಲ್ಲ ಕಾಲು ಅಂಚಿಗೆ ಸಿಕ್ಕುತ್ತದೆ.

ಬಿಲ್ ಮಾಡಿಸುವಾಗ ಆ ಹುಡುಗಿ ನನ್ನ ಹಿಂದೆಯೇ ನಿಂತಿದ್ದಳು. ಮಾರುವವನ ಎದುರು ಯಾಕೆ ಅಂತ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು. ಹಾಗಾಗಿ, ನಿಮ್ಮಲ್ಲಿ ಯಾರಾದರೂ ಕಾರ್ಪೆಟ್ ಕೊಳ್ಳಲು ಹೊರಟಿದ್ದರೆ ಇನ್‌ಬಾಕ್ಸಿಗೆ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ. ಮುಂದಿನದು ಬೇಡ, ಬೆನ್ನಿನದು.