ಎಲ್ಕ್ ಹಿಂಡುಗಳ ರೋಗದ ಅಧ್ಯಯನಕ್ಕೆ ಇನ್ನಷ್ಟು ಹಣ ಕೊಡಬೇಕೇ?

ಪರ: ಕಾಣದ ರೋಗವನ್ನು ಹುಡುಕುತ್ತಲೇ ಇರಬೇಕು

ಪರವಾಗಿ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಹೆಬ್ಬಾಳದಲ್ಲಿ ಪಶುವೈದ್ಯ ಪದವಿ ಮುಗಿಸಿ ಬಹುಕಾಲದಿಂದ ಅಮೆರಿಕದ ಕೊಲರಾಡೋದಲ್ಲಿ ನೆಲೆಸಿರುವವನು ನಾನು. ನನ್ನ ಕೆಲಸ ಹೈನು ದನಗಳ ರೋಗ ಪತ್ತೆ, ಕಾಡಿನ ಜಿಂಕೆಗಳದ್ದಲ್ಲ. ಎಲ್ಕ್ ಎಂಬ ಇಲ್ಲಿನ ದೊಡ್ಡ ಜಿಂಕೆಯ ಅಧ್ಯಯನಕ್ಕೆ ಬಿಡುಗಡೆಯಾಗುವ ಪ್ರತಿಯೊಂದು ಡಾಲರೂ ಸದ್ವಿನಿಯೋಗವಾಗುತ್ತದೆ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಹಣ ಕೊಡಬೇಕೇ ಬೇಡವೇ ಎಂದು ಕೇಳಿದರೆ ಕೊಡಬೇಕು ಎಂಬುದೇ ನನ್ನ ಉತ್ತರ.

ಮುಖ್ಯವಾಗಿ ಚರ್ಚೆಯಲ್ಲಿರುವುದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಇಲ್ಲಿಯವರ ಬಾಯಲ್ಲಿ ಸಿಡಬ್ಲ್ಯುಡಿ. 1967ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್ ಬಳಿಯ ಸಂಶೋಧನಾ ಆವರಣದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳು ಸೊರಗಿ, ಜೊಲ್ಲು ಸುರಿಸಿ, ತಲೆ ತಗ್ಗಿಸಿ ನಿಂತು ಸಾಯತೊಡಗಿದವು. ಕಾರಣ ತಿಳಿಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ ಸತ್ತ ಜಿಂಕೆಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಕುರಿಗಳ ಮಿದುಳನ್ನು ಕೆಡಿಸುವ ಸ್ಕ್ರೇಪಿ ರೋಗದ ಜಾತಿಗೆ ಸೇರಿದ್ದು ಎಂದು 1970ರ ದಶಕದ ಕೊನೆಯಲ್ಲಿ ಗುರುತಿಸಿದರು. 1981ರಲ್ಲಿ ಅದು ಕಾಡಿನ ಎಲ್ಕ್‌ನಲ್ಲಿ ಕಾಣಿಸಿತು. ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಕೆನಡಾದಲ್ಲಿ, ನಾರ್ವೆ, ಫಿನ್‌ಲೆಂಡ್, ಸ್ವೀಡನ್, ದಕ್ಷಿಣ ಕೊರಿಯಾಗಳಲ್ಲಿ ಇದೆ.

ಇದಕ್ಕೆ ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಚಿಕೊಂಡ ಪ್ರೋಟೀನು. ಬೇಯಿಸಿದರೆ ನಾಶವಾಗುವುದಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸೋಂಕು ತಗುಲಿದ ಎಲ್ಕ್ ಒಂದೂವರೆ ಎರಡು ವರ್ಷ ಆರೋಗ್ಯವಾಗಿಯೇ ಕಾಣುತ್ತದೆ. ಆ ಅವಧಿಯಲ್ಲೇ ಜೊಲ್ಲು, ಮೂತ್ರ, ಸಗಣಿಯ ಮೂಲಕ ರೋಗವನ್ನು ಹರಡುತ್ತಿರುತ್ತದೆ. ಲಸಿಕೆಯಿಲ್ಲ, ಮದ್ದಿಲ್ಲ. ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಹಿಂಡನ್ನು ದಾಟಿ ಮುಂದೆ ಹೋಗಿರುತ್ತದೆ. ಆದ್ದರಿಂದ ಹುಡುಕುವ ಕೆಲಸವನ್ನು ಒಂದು ಚಳಿಗಾಲವೂ ನಿಲ್ಲಿಸುವಂತಿಲ್ಲ.

ಪ್ರಿಯಾನ್‌ನಿಂದಲೇ ಬರುವ ಹುಚ್ಚು ಹಸು ರೋಗದ ಪಾಠ ನಮ್ಮ ವೃತ್ತಿಯವರು ಮರೆಯುವಂಥದ್ದಲ್ಲ. ಬ್ರಿಟನ್ನಿನಲ್ಲಿ ಅದನ್ನು ಗುರುತಿಸಿದ್ದು 1986ರಲ್ಲಿ. ಅದು ಮನುಷ್ಯರಿಗೂ ಬಂದಿದೆ ಎಂದು ಸರ್ಕಾರ ಒಪ್ಪಿಕೊಂಡಿದ್ದು 1996ರಲ್ಲಿ. ನಡುವಿನ ಹತ್ತು ವರ್ಷ ಜನ ಆ ಮಾಂಸವನ್ನು ತಿಂದರು. ಬ್ರಿಟನ್ ಒಂದರಲ್ಲೇ 178 ಮಂದಿ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಹರೆಯದವರು. ಸಿಡಬ್ಲ್ಯುಡಿ ಮನುಷ್ಯರಿಗೆ ಬಂದ ಒಂದು ಪ್ರಕರಣವೂ ಈವರೆಗೆ ದೃಢಪಟ್ಟಿಲ್ಲ, ನಿಜ. ಆದರೆ 1986ರ ಬ್ರಿಟನ್ನಿನಲ್ಲೂ ಒಂದೂ ದೃಢಪಟ್ಟಿರಲಿಲ್ಲ.

ನನ್ನ ನೆರೆಯವರೊಬ್ಬರು ಪ್ರತಿ ಶರತ್ಕಾಲದಲ್ಲಿ ಎಲ್ಕ್ ಬೇಟೆಗೆ ಹೋಗುತ್ತಾರೆ. ಬೇಟೆಯಾಡಿದ ಪ್ರಾಣಿಯ ತಲೆಯನ್ನು ಪರೀಕ್ಷೆಗೆ ಒಪ್ಪಿಸಿ, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾಯುತ್ತಾರೆ. ಸೋಂಕಿದ್ದರೆ ತಿನ್ನಬಾರದು ಎಂಬುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಚಳಿಗಾಲವಿಡೀ ಅದೇ ಮಾಂಸವನ್ನು ಮಕ್ಕಳಿಗೆ ಉಣಿಸುವ ಮನೆ ಅದು. ಆ ಪರೀಕ್ಷೆಯ ಹಿಂದೆ ಪ್ರಯೋಗಾಲಯವಿದೆ, ತಂತ್ರಜ್ಞರಿದ್ದಾರೆ, ಹಣವಿದೆ. ವಿರೋಧಿಸುವವರ ಮಾತನ್ನು ಕೇಳಿದರೆ ಜಿಂಕೆ ಸತ್ತರೆ ಸಾಯಲಿ, ತಿಂದವರ ಪಾಡು ಅವರಿಗೆ ಎಂದು ಬಿಟ್ಟುಬಿಡಬೇಕಾಗುತ್ತದೆ.

2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಈ ರೋಗಕ್ಕಾಗಿ ವರ್ಷಕ್ಕೆ 7 ಕೋಟಿ ಡಾಲರು ಕೊಡಲು ಒಪ್ಪಿತು: ಅರ್ಧ ಸಂಶೋಧನೆಗೆ, ಅರ್ಧ ನಿರ್ವಹಣೆಗೆ. ಒಪ್ಪಿಗೆ ಕಾಗದದ ಮೇಲಿದೆ; ಬಜೆಟ್ಟಿನಲ್ಲಿ ನಿಜವಾಗಿ ಬಂದದ್ದು ಅದಕ್ಕಿಂತ ಬಹಳ ಕಡಿಮೆ. ಕೊಟ್ಟ ಮಾತಿನಷ್ಟಾದರೂ ಕೊಡಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ಇನ್ನು ಬ್ರುಸೆಲ್ಲೋಸಿಸ್, ನಮ್ಮ ರೈತರು ಕಂದು ಹಾಕುವ ರೋಗ ಎನ್ನುವುದು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ದನಗಳಿಗೆ ಇದು ಮುಖ್ಯವಾಗಿ ಎಲ್ಕ್‌ಗಳಿಂದಲೇ ಬರುತ್ತಿದೆ ಎಂದು 2017ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿ ಹೇಳಿತು. ಅದಕ್ಕೆ ಮೊದಲು ಎಲ್ಲರ ಬೆರಳೂ ಕಾಡೆಮ್ಮೆಯತ್ತ, ಅಂದರೆ ಬೈಸನ್‌ಗಳತ್ತ ಇತ್ತು. ಪಕ್ಕದ ವಯೋಮಿಂಗ್ ರಾಜ್ಯದಂತೆ ಚಳಿಗಾಲದಲ್ಲಿ ಎಲ್ಕ್‌ಗಳಿಗೆ ಮೇವು ಹಾಕುವ ಪದ್ಧತಿಯೇ ಇಲ್ಲದ ಮೊಂಟಾನಾ ರಾಜ್ಯದ ಹಿಂಡುಗಳಲ್ಲೂ ಈ ರೋಗ ಇದೆ. ಅಲ್ಲಿ ಅದು ಹೇಗೆ ಉಳಿದುಕೊಂಡಿದೆ? ಕುಳಿತು ಊಹಿಸಿದರೆ ಉತ್ತರ ಸಿಗುವುದಿಲ್ಲ. ಹಿಂಡಿನ ಹಿಂದೆ ಹೋಗಬೇಕು, ರಕ್ತ ಪರೀಕ್ಷಿಸಬೇಕು, ಕೊರಳಿಗೆ ರೇಡಿಯೊ ಕಾಲರ್ ಹಾಕಿ ಜಾಡು ನೋಡಬೇಕು.

ಕನ್ನಡದ ಓದುಗರಿಗೆ ಹತ್ತಿರದ ಉದಾಹರಣೆಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಕಾರಣವನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದರ ಬೆನ್ನಿಗೆ ರಾಕ್‌ಫೆಲರ್ ಪ್ರತಿಷ್ಠಾನದ ಹಣವಿತ್ತು. ದೂರದವರು ಕೊಟ್ಟ ಹಣದಿಂದ, ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆ ಹುಳ ಎಂದು ತಿಳಿಯಿತು.

ಮೇವಿನ ತಾಣಗಳನ್ನು ಮುಚ್ಚಬೇಕೇ ಎಂಬ ಪ್ರಶ್ನೆಯನ್ನು ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ವಯೋಮಿಂಗ್ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಆಡಳಿತಕ್ಕೆ ಬಿಟ್ಟ ವಿಷಯ, ಸಂಶೋಧನಾ ಅನುದಾನದ್ದಲ್ಲ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.


ವಿರೋಧ: ಎಣಿಸಿದ್ದು ಸಾಕು, ಮೇವು ಹಾಕುವುದನ್ನು ನಿಲ್ಲಿಸಿ

ಮೇವಿನ ತಾಣಗಳನ್ನು ಬಿಟ್ಟು ಎಲ್ಕ್ ರೋಗದ ಮಾತನಾಡುವುದು ಸಾಧ್ಯವೇ ಇಲ್ಲ. ವಯೋಮಿಂಗ್ ರಾಜ್ಯದ ಜ್ಯಾಕ್ಸನ್ ಪಟ್ಟಣಕ್ಕೆ ತಾಗಿಕೊಂಡು ನ್ಯಾಷನಲ್ ಎಲ್ಕ್ ರೆಫ್ಯೂಜ್ ಇದೆ, 1912ರಿಂದ. ಎಲ್ಕ್‌ಗಳು ಚಳಿಗಾಲ ಕಳೆಯುತ್ತಿದ್ದ ಕಣಿವೆಯಲ್ಲಿ ಜನ ಊರು ಕಟ್ಟಿದರು, ದನ ಸಾಕಿದರು. ಹಸಿದ ಎಲ್ಕ್‌ಗಳು ರೈತರ ಹುಲ್ಲಿನ ಬಣವೆಗೆ ನುಗ್ಗಿದವು, ಹಿಮದಲ್ಲಿ ಸಾವಿರಗಟ್ಟಲೆ ಸತ್ತವು. ಕರುಣೆಯಿಂದ ಮೇವು ಹಾಕಲು ಆರಂಭಿಸಿದರು. ಕರುಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರು ವರ್ಷ ದಾಟಿದರೂ ಅದೇ ನಡೆದಿದೆ. ರೆಫ್ಯೂಜಿನಲ್ಲಿ ಕುದುರೆ ಮಸಾಲೆ ಸೊಪ್ಪಿನ ಗುಳಿಗೆಗಳನ್ನು ಸುರಿಯುತ್ತಾರೆ. ರಾಜ್ಯ ಸರ್ಕಾರ ತಾನೇ ಇಪ್ಪತ್ತರಷ್ಟು ತಾಣಗಳಲ್ಲಿ ಒಣಹುಲ್ಲು ಹಾಕಿಸುತ್ತದೆ. ಬೆಟ್ಟದ ತುಂಬ ಚದುರಿ ಮೇಯಬೇಕಾದ ಪ್ರಾಣಿಗಳು ಸಾವಿರಗಟ್ಟಲೆಯಾಗಿ, ಒಂದೇ ಸಾಲಿನಲ್ಲಿ, ಒಂದರ ಜೊಲ್ಲಿನ ಮೇಲೆ ಇನ್ನೊಂದು ಬಾಯಿ ಹಾಕಿ ತಿನ್ನುತ್ತವೆ. ಜೊಲ್ಲಿನಿಂದ, ಸಗಣಿಯಿಂದ ಹರಡುವ ರೋಗ ಹಬ್ಬುವುದಕ್ಕೆ ಇನ್ನೇನು ಬೇಕು?

ಇದು ಹೊಸ ಅರಿವಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಎಲ್ಕ್‌ಗಳು ಏಕೆ ಸಾಯುತ್ತಿವೆ ಎಂದು ನೋಡಲು 1927ರಲ್ಲಿ ಒಲಾಸ್ ಮುರಿ ಎಂಬ ಜೀವವಿಜ್ಞಾನಿಯನ್ನು ಕೇಂದ್ರ ಸರ್ಕಾರವೇ ಜ್ಯಾಕ್ಸನ್‌ಗೆ ಕಳುಹಿಸಿತು. ಹಾಕುತ್ತಿದ್ದ ಒರಟು ಹುಲ್ಲಿನ ಮೊನಚು ತೆನೆಗಳು ಬಾಯಿಯ ಒಳಗನ್ನು ಚುಚ್ಚಿ ಗಾಯ ಮಾಡುತ್ತಿದ್ದವು, ಆ ಗಾಯದಿಂದ ಸೋಂಕು ಒಳಹೊಕ್ಕು ಪ್ರಾಣಿಗಳು ಸಾಯುತ್ತಿದ್ದವು ಎಂದು ಅವರು ಕಂಡುಕೊಂಡರು. ಮೇವು ಹಾಕುವುದೇ ಕಾಯಿಲೆಯ ದಾರಿಯಾಗಿತ್ತು. ನೂರು ವರ್ಷದ ಹಿಂದೆ ಸರ್ಕಾರದ ಹಣದಲ್ಲೇ ಸಿಕ್ಕ ಉತ್ತರ ಅದು.

ಆಮೇಲೆ ನಡೆದದ್ದನ್ನು ನೋಡಿ. ಬ್ರುಸೆಲ್ಲೋಸಿಸ್ ತಡೆಯುತ್ತೇವೆ ಎಂದು 1985ರಿಂದ ಮೂವತ್ತು ವರ್ಷ ಮೇವಿನ ತಾಣಗಳಲ್ಲಿ ಎಲ್ಕ್ ಮರಿಗಳಿಗೆ ಗಾಳಿಬಂದೂಕಿನಿಂದ ಲಸಿಕೆಯ ಗುಂಡು ಹಾರಿಸಿದರು. ನಮ್ಮ ಊರುಗಳಲ್ಲಿ ಹೆಣ್ಣು ಕರುಗಳಿಗೆ ಹಾಕುವ ಸ್ಟ್ರೈನ್ 19 ಲಸಿಕೆಯೇ ಅದು. ದನದಲ್ಲಿ ಕೆಲಸ ಮಾಡುವಷ್ಟು ಎಲ್ಕ್‌ನಲ್ಲಿ ಮಾಡಲಿಲ್ಲ. 2006ರಿಂದ 2010ರವರೆಗೆ ಮಡ್ಡಿ ಕ್ರೀಕ್ ಎಂಬ ತಾಣದಲ್ಲಿ ಎಲ್ಕ್‌ಗಳನ್ನು ದೊಡ್ಡಿಗೆ ಕೂಡಿ, ರಕ್ತ ಪರೀಕ್ಷಿಸಿ, ಸೋಂಕಿರುವವನ್ನು ಕೊಂದರು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು. ಸೋಂಕಿನ ಪ್ರಮಾಣ ಶೇ. 37ರಿಂದ ಶೇ. 5ಕ್ಕೆ ಇಳಿಯಿತು, ಎಲ್ಲರೂ ಸಂತೋಷಪಟ್ಟರು. ಪರೀಕ್ಷೆ ನಿಂತ ಮೇಲೆ ಮತ್ತೆ ಏರಿತು, ಏಕೆಂದರೆ ಹುಲ್ಲು ಹಾಕುವುದು ನಿಂತಿರಲಿಲ್ಲ.

ನನ್ನದು ಸಾಗರ ತಾಲ್ಲೂಕಿನ ಒಂದು ಊರು. ಪರವಾಗಿ ಬರೆಯುವವರು ಮಂಗನ ಕಾಯಿಲೆಯನ್ನು ಎತ್ತದೆ ಇರುವುದಿಲ್ಲ. ಹಾಗಾಗಿ ಅದರ ಇನ್ನೊಂದು ಮುಖವನ್ನು ಹೇಳಲೇಬೇಕು. ನಾವು ಚಿಕ್ಕವರಿದ್ದಾಗ ಬೇಸಿಗೆಗೆ ಮುಂಚೆ ಜೀಪುಗಳಲ್ಲಿ ಜನ ಬರುತ್ತಿದ್ದರು. ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿದ ಉಣ್ಣೆಗಳನ್ನು ಚಿಮಟದಲ್ಲಿ ಎತ್ತಿ ಸೀಸೆಗೆ ತುಂಬುತ್ತಿದ್ದರು. ಸತ್ತ ಮಂಗ ಕಂಡರೆ ಹೇಳಿ ಎನ್ನುತ್ತಿದ್ದರು. ನಾವು ಮಕ್ಕಳು ಓಡಿಹೋಗಿ ಹೇಳುತ್ತಿದ್ದೆವು. ಒಳ್ಳೆಯ ಜನ, ನಮ್ಮ ಮನೆಯ ಜಗಲಿಯಲ್ಲೇ ಕುಳಿತು ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಒಂದು ವರ್ಷ ನನ್ನ ಚಿಕ್ಕಮ್ಮ ಕೊಟ್ಟಿಗೆಗೆ ತರಗೆಲೆ ತರಲು ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಸೊಂಟ, ತೊಡೆ ಮುರಿದುಹೋಗುವಂಥ ನೋವು, ಒಸಡಿನಲ್ಲಿ ರಕ್ತ. ರಕ್ತದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಬರುವ ಹೊತ್ತಿಗೆ ಚಿಕ್ಕಮ್ಮನ ತಿಥಿ ಮುಗಿದಿತ್ತು. ಅವರ ರಕ್ತವೂ ಯಾವುದೋ ಕೋಷ್ಟಕದಲ್ಲಿ ಒಂದು ಸಂಖ್ಯೆಯಾಗಿ ಸೇರಿರಬೇಕು. ಆ ಬೆಟ್ಟದಲ್ಲಿ ಮಂಗ ಸತ್ತಿದ್ದನ್ನು ನಾವು ಅದಕ್ಕೆ ಮೊದಲೇ ಹೇಳಿದ್ದೆವು. ಅದನ್ನು ಬರೆದುಕೊಂಡೂ ಹೋಗಿದ್ದರು. ಬೆಟ್ಟಕ್ಕೆ ಹೋಗಬೇಡಿ ಎಂದು ಊರಿನಲ್ಲಿ ಡಂಗುರ ಹೊಡೆಸಿರಲಿಲ್ಲ, ಮೈಗೆ ಹಚ್ಚುವ ಡಿಎಂಪಿ ಎಣ್ಣೆ ನಮ್ಮ ಮನೆಗೆ ಬಂದಿರಲಿಲ್ಲ. ತಂಗಿಯ ಮಕ್ಕಳನ್ನು ಆಮೇಲೆ ಅಮ್ಮನೇ ಸಾಕಿದರು. ರೋಗ ಗೊತ್ತಾಗಿ ಎಷ್ಟು ದಶಕ ಕಳೆಯಿತು? ಹಳೆಯ ಲಸಿಕೆ ಕೈಕೊಟ್ಟಿತು, ಹೊಸದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. 2019ರಲ್ಲಿ ಅರಳಗೋಡಿನಲ್ಲಿ ಮತ್ತೆ ಜನ ಸತ್ತರು.

ಹೀಗಾಗಿ ಕಾಡಿನ ರೋಗದ ಅಧ್ಯಯನಕ್ಕೆ ಇನ್ನಷ್ಟು ಹಣ ಎಂಬ ಮಾತು ಕೇಳಿದಾಗಲೆಲ್ಲ ನಾನು ಕೇಳುವುದು ಒಂದೇ: ಇದುವರೆಗೆ ತಿಳಿದದ್ದರಲ್ಲಿ ಏನನ್ನು ಮಾಡಿದಿರಿ? ವಯೋಮಿಂಗ್‌ನಲ್ಲಿ ಮಾಡಿದ್ದನ್ನು ಹೇಳುತ್ತೇನೆ. 2007ರ ಯೋಜನೆಯಲ್ಲಿ ರೆಫ್ಯೂಜಿನ ಮೇವನ್ನು ಕಡಿಮೆ ಮಾಡುತ್ತೇವೆ ಎಂದರು, ಗಡುವು ಹಾಕಲಿಲ್ಲ. 2011ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಮೇವು ಹಾಕುವ ಪದ್ಧತಿ ರೆಫ್ಯೂಜಿನ ಉದ್ದೇಶಕ್ಕೇ ಮಾರಕ ಎಂಬುದನ್ನು ಒಪ್ಪಿಯೂ ಗಡುವು ವಿಧಿಸಲಿಲ್ಲ. 2020ರಲ್ಲಿ ಪಕ್ಕದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯಾಡಿದ ಒಂದು ಹೆಣ್ಣು ಎಲ್ಕ್‌ನಲ್ಲಿ ಸಿಡಬ್ಲ್ಯುಡಿ ಪತ್ತೆಯಾಯಿತು. ಮರುವರ್ಷ ರಾಜ್ಯದ ಶಾಸನಸಭೆ ಏನು ಮಾಡಿತು? ಮೇವಿನ ತಾಣವನ್ನು ಮುಚ್ಚುವ ಅಧಿಕಾರವನ್ನು ವನ್ಯಜೀವಿ ಆಯೋಗದಿಂದ ತೆಗೆದು ಗವರ್ನರ್ ಕೈಗೆ ಕೊಟ್ಟಿತು. 2024-25ರ ಚಳಿಗಾಲದಲ್ಲಿ ಡೆಲ್ ಕ್ರೀಕ್ ಮೇವಿನ ತಾಣದಲ್ಲೇ ಸೋಂಕಿನ ಎಲ್ಕ್ ಸತ್ತು ಬಿತ್ತು.

ಈ ಪ್ರತಿಯೊಂದು ಹಂತದಲ್ಲೂ ಅಧಿಕಾರಿಗಳ ಬಾಯಲ್ಲಿ ಇನ್ನಷ್ಟು ಮಾಹಿತಿ ಬೇಕು ಎಂಬ ಮಾತಿತ್ತು. ಅನುದಾನ ಕೊಟ್ಟವರಿಗೆ ಏನೋ ಮಾಡಿದ ಸಮಾಧಾನ, ಪಡೆದವರಿಗೆ ಇನ್ನು ಮೂರು ವರ್ಷದ ಕೆಲಸ, ನಿರ್ಧಾರ ಮಾಡಬೇಕಾದವರಿಗೆ ಇನ್ನು ಮೂರು ವರ್ಷದ ಬಿಡುವು. ಪ್ರಿಯಾನ್ ಮಾತ್ರ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಒಮ್ಮೆ ಸೇರಿತೆಂದರೆ ಅದನ್ನು ತೆಗೆಯುವವರು ಯಾರೂ ಇಲ್ಲ.

ಹುಚ್ಚು ಹಸು ರೋಗದ ಹೆಸರು ಹೇಳಿ ಹೆದರಿಸುವುದು ವಾಡಿಕೆ. ಆ ಬ್ರಿಟನ್ನೇ ಲಕ್ಷಾಂತರ ದನಗಳನ್ನು ಕೊಂದು, ದನಕ್ಕೆ ದನದ ಎಲುಬಿನ ಪುಡಿ ತಿನ್ನಿಸುವುದನ್ನು ನಿಷೇಧಿಸಿದ ಮೇಲಲ್ಲವೇ ರೋಗ ಇಳಿದದ್ದು? ಅಲ್ಲೂ ತಪ್ಪಿದ್ದದ್ದು ಮೇವಿನಲ್ಲಿ, ತಿದ್ದಿದ್ದೂ ಮೇವನ್ನೇ. ನಾರ್ವೆ ಇನ್ನೂ ಬೇಗ ಎದ್ದಿತು. 2016ರಲ್ಲಿ ನೂರ್‌ಫ್ಯೆಲ್ಲಾ ಪ್ರದೇಶದ ಕಾಡು ಹಿಮಸಾರಂಗದಲ್ಲಿ ಸಿಡಬ್ಲ್ಯುಡಿ ಸಿಕ್ಕಿತು. 2018ರೊಳಗೆ ಆ ಭಾಗದ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಇಡೀ ಹಿಂಡನ್ನೇ ತೆಗೆದರು. 2020ರಲ್ಲಿ ಹಾರ್ಡಾಂಗರ್‌ವಿಡ್ಡಾದಲ್ಲಿ ಮತ್ತೆ ಕಾಣಿಸಿತಲ್ಲ ಎಂದು ಎತ್ತಿ ಆಡುವವರಿದ್ದಾರೆ. ಕಾಣಿಸಲಿ. ಅವರು ಕೈಕಟ್ಟಿ ಕೂರಲಿಲ್ಲ, ಅದು ದೊಡ್ಡದು.

ಬೇಟೆಗಾರರ ಮಾಂಸ ಪರೀಕ್ಷೆಗೆ ಹಣ ಬೇಕಾದರೆ ಕೊಡಲಿ, ಅದಕ್ಕೆ ನನ್ನ ತಕರಾರಿಲ್ಲ. ಹಿಂಡಿನಲ್ಲಿ ರೋಗ ಹೇಗೆ ಹರಡುತ್ತದೆ ಎಂದು ತಿಳಿಯಲು ಮತ್ತೊಂದು ಡಾಲರು ಬೇಡ. ಆ ಹಣದಲ್ಲಿ ದನ ಸಾಕುವವರ ಬಣವೆಗಳ ಸುತ್ತ ಎತ್ತರದ ಬೇಲಿ ಹಾಕಿಸಿ. ಎಲ್ಕ್ ನುಗ್ಗಿ ಹಾಳು ಮಾಡಿದ ಹುಲ್ಲಿಗೆ ತಡಮಾಡದೆ ಪರಿಹಾರ ಕೊಡಿ. ಕಣಿವೆಯಲ್ಲಿ ಮಾರಾಟಕ್ಕೆ ಬರುವ ಜಮೀನನ್ನು ಕೊಂಡು ಚಳಿಗಾಲದ ಮೇವಿಗೆ ಬಿಡಿ. ಮೇವು ಹಾಕದಿದ್ದರೆ ಮೊದಲ ಕೆಲವು ಚಳಿಗಾಲಗಳಲ್ಲಿ ಬಹಳ ಎಲ್ಕ್‌ಗಳು ಸಾಯುತ್ತವೆ, ರಸ್ತೆ ಬದಿಯಲ್ಲೇ ಬಿದ್ದಿರುತ್ತವೆ, ಪ್ರವಾಸಿಗರು ಫೋಟೊ ತೆಗೆಯುತ್ತಾರೆ, ಗವರ್ನರ್ ಕಚೇರಿಗೆ ಕರೆಗಳು ಬರುತ್ತವೆ. ಅದನ್ನು ಎದುರಿಸುವುದಕ್ಕೆ ಸಿದ್ಧವಾಗಲಿ. ಮೊದಲು ಡೆಲ್ ಕ್ರೀಕ್, ಮುಂದಿನ ವರ್ಷ ಅದರ ಅಕ್ಕಪಕ್ಕದ ತಾಣಗಳು, ಕೊನೆಗೆ ರೆಫ್ಯೂಜ್: ಯಾವ ಚಳಿಗಾಲದಲ್ಲಿ ಯಾವ ತಾಣ ಮುಚ್ಚುತ್ತದೆ ಎಂಬ ದಿನಾಂಕದ ಪಟ್ಟಿಯನ್ನು ಈ ನವೆಂಬರಿನೊಳಗೆ, ಹಿಮ ಬೀಳುವ ಮೊದಲು, ಪ್ರಕಟಿಸಲಿ.