ಯುದ್ಧ ಏನೋ "ಕೊಟ್ಟಿತಂತೆ"

ಬೆಳಿಗ್ಗೆಯಿಂದ ಮೂರನೇ ಸಲ ಅದೇ ಪೋಸ್ಟ್. ತಲೆಗೆ ಕೆಂಪು ಚುಕ್ಕಿಬಟ್ಟೆ ಕಟ್ಟಿಕೊಂಡು, ತೋಳು ಮಡಚಿ ತೋರಿಸುವ ಹೆಂಗಸು, ಕೆಳಗೆ, "ಮೊದಲ ಮಹಾಯುದ್ಧ ಬ್ರಿಟನ್ನಿನ ಹೆಣ್ಣುಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟಿತು." ಆ ಚಿತ್ರ ಅಮೆರಿಕದ್ದು, 1943ರದ್ದು. ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಫ್ಯಾಕ್ಟರಿಗಳೊಳಗೆ ಎರಡು ವಾರದ ಮಟ್ಟಿಗೆ ಹಾಕಿದ್ದ ಪೋಸ್ಟರ್. ದೇಶವೂ ಬೇರೆ, ಯುದ್ಧವೂ ಬೇರೆ. ಹೋಗಲಿ ಬಿಡಿ, ಚಿತ್ರ ಚೆಂದವಿದೆ, ನನಗೂ ಇಷ್ಟವೇ. ಮೈ ಉರಿಯುವುದು ಆ "ಕೊಟ್ಟಿತು" ಎಂಬ ಮಾತಿಗೆ.

ಏನು ಕೊಟ್ಟಿತು ಅಂತ ಶೆಲ್, ಅಂದರೆ ತೋಪಿನ ಸಿಡಿಗುಂಡು, ತುಂಬುವ ಫ್ಯಾಕ್ಟರಿಯ ಬಾಗಿಲಿನಿಂದಲೇ ನೋಡೋಣ. 1915ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ತೋಪುಗಳಿಗೆ ಶೆಲ್ ಸಾಲದೆ ಗಲಾಟೆಯಾಯಿತು, ಬ್ರಿಟನ್ನಿನ ಮಂತ್ರಿ ಲಾಯ್ಡ್ ಜಾರ್ಜ್ ಕೈಗೆ ಹೊಸ ಮದ್ದುಗುಂಡು ಖಾತೆ ಬಂತು, ಫ್ಯಾಕ್ಟರಿಗಳು ಎದ್ದವು, ಹೆಂಗಸರು ಒಳಗೆ ಬಂದರು. ಯುದ್ಧ ಮುಗಿಯುವ ಹೊತ್ತಿಗೆ ಈ ಕೆಲಸದಲ್ಲಿದ್ದವರು 9 ಲಕ್ಷದ ಆಸುಪಾಸು. ಒಳಗೆ ಹೋಗುವಾಗ ಹೇರ್‌ಪಿನ್, ಉಂಗುರ, ಬೆಂಕಿಪೊಟ್ಟಣ, ಲೋಹದ ಗುಂಡಿ ಎಲ್ಲ ಹೊರಗಿಡಬೇಕು. ಮೈ ತಡವಿ ನೋಡುತ್ತಾರೆ. ಮೊಳೆ ಇಲ್ಲದ ಚಪ್ಪಲಿ ಹಾಕಿಕೊಳ್ಳಬೇಕು. ಒಂದು ಕಿಡಿ ಸಾಕು ಅಂತ.

ಶೆಲ್‌ನೊಳಗೆ ತುಂಬುವ ಸ್ಫೋಟಕ ಟಿಎನ್‌ಟಿ ದುಬಾರಿ, ಅಭಾವ ಬೇರೆ. ಅದಕ್ಕೆ ಅಗ್ಗದ ಅಮೋನಿಯಂ ನೈಟ್ರೇಟ್ ಬೆರೆಸಿ ಅಮಟಾಲ್ ಮಾಡಿದರು. ನೂರರಲ್ಲಿ 80 ಪಾಲು ನೈಟ್ರೇಟ್, 20 ಪಾಲು ಟಿಎನ್‌ಟಿ ಇದ್ದ ಮಿಶ್ರಣವೂ ಇತ್ತು. ಟಿಎನ್‌ಟಿ ಮಾತ್ರ ಆದರೆ ಸುಮಾರು 80 ಡಿಗ್ರಿಗೆ ಕರಗುತ್ತದೆ, ಹುಯ್ದರೆ ಮುಗಿಯಿತು. ಇಷ್ಟು ನೈಟ್ರೇಟ್ ಸೇರಿದ ಮೇಲೆ ಹುಯ್ಯಲು ಬರುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಿ, ಮರದ ಕೋಲು ಇಟ್ಟು, ಮರದ ಸುತ್ತಿಗೆಯಿಂದ ಹೊಡೆದು ಗಟ್ಟಿಮಾಡಬೇಕು. ನಡುವೆ ಟೊಳ್ಳು ಉಳಿದರೆ ತೋಪು ಹಾರಿಸಿದ ರಭಸಕ್ಕೆ ಶೆಲ್ ನಳಿಗೆಯೊಳಗೇ ಸಿಡಿಯಬಹುದು. ನೈಟ್ರೇಟ್‌ಗೆ ತೇವ ಹೀರುವ ಗುಣ. ಒದ್ದೆಯಾದರೆ ಸರಿಯಾಗಿ ಸಿಡಿಯುವುದೂ ಇಲ್ಲ. ಅಂದರೆ ಪೋಸ್ಟರಿನ ತೋಳಲ್ಲ ಸ್ವಾಮಿ, ಪಾಳಿಯುದ್ದಕ್ಕೂ ಒಂದೇ ಹದದ ಪೆಟ್ಟು ಹಾಕುವ ಮಣಿಕಟ್ಟು ಬೇಕಿತ್ತು ಅಲ್ಲಿ.

ಟಿಎನ್‌ಟಿ ಪುಡಿ ಮುಖ, ಕೈಗೆ ಹಳದಿ ಬಣ್ಣ ಹಿಡಿಸುತ್ತಿತ್ತು, ಟೋಪಿಯಿಂದ ಹೊರಗುಳಿದ ಮುಂಗೂದಲು ಕೆಂಚಾಗುತ್ತಿತ್ತು. ಕ್ಯಾನರಿ ಎಂಬ ಹಳದಿ ಹಕ್ಕಿಯ ನೆನಪಿಗೆ ಜನ "ಕ್ಯಾನರಿ ಹುಡುಗಿಯರು" ಅಂತ ಹೆಸರಿಟ್ಟರು. ಅರಿಶಿನದೆಣ್ಣೆ ಶಾಸ್ತ್ರ ಅಂದುಕೊಂಡರೇನೋ! ಬಣ್ಣ ಚರ್ಮದಲ್ಲೇ ನಿಂತಿದ್ದರೆ ತೊಳೆದುಕೊಳ್ಳಬಹುದಿತ್ತು. ಕೆಲವರಲ್ಲಿ ವಿಷ ಯಕೃತ್ತಿಗೆ ಇಳಿದು ಕಾಮಾಲೆಯಾಯಿತು. ಯುದ್ಧದ ವರ್ಷಗಳಲ್ಲಿ ದಾಖಲಾದದ್ದು ಸುಮಾರು 400 ಪ್ರಕರಣ, ಸತ್ತವರು ನೂರಕ್ಕೂ ಹೆಚ್ಚು. ಪರಿಹಾರ? ಹಾಲು. ಲೀಡ್ಸ್ ಹತ್ತಿರದ ಬಾರ್ನ್‌ಬೋ ಫ್ಯಾಕ್ಟರಿ ಇದಕ್ಕೆಂದೇ 120 ಹಸು ಸಾಕಿತ್ತು. ವಿಷ ಹೋಗುತ್ತಿದ್ದುದು ಮುಖ್ಯವಾಗಿ ಚರ್ಮದ ಮೂಲಕ. ಹಾಲು ಕುಡಿದರೆ ಅದು ನಿಲ್ಲುತ್ತದೆಯೇ? ಟಿಎನ್‌ಟಿ ಮುಟ್ಟುವವರನ್ನು ಆಗಾಗ ಬೇರೆ ಕೆಲಸಕ್ಕೆ ಬದಲಿಸಿ, ವೈದ್ಯರ ತಪಾಸಣೆ ಬಿಗಿ ಮಾಡಿದ ಮೇಲೆ ಸಾವು ಇಳಿಯಿತು.

ಅದೇ ಬಾರ್ನ್‌ಬೋದಲ್ಲಿ, 1916ರ ಡಿಸೆಂಬರ್ 5ರ ರಾತ್ರಿ ಪಾಳಿ. 42ನೇ ಕೋಣೆ. 4.5 ಇಂಚಿನ ತುಂಬಿದ ಶೆಲ್‌ಗೆ ಕೈಯಿಂದ ಫ್ಯೂಸ್ (ಸಿಡಿಸುವ ಕೀಲು) ಕೂರಿಸಿ, ಯಂತ್ರದಲ್ಲಿ ಬಿಗಿಯುವ ಕೆಲಸ. ಹತ್ತೂವರೆಗೆ ಇನ್ನೂ ಮೂರು ನಿಮಿಷ ಇರುವಾಗ ಸಿಡಿಯಿತು. 35 ಹೆಂಗಸರು ಸತ್ತರು. ಹಲವರ ಗುರುತು ಹತ್ತಿದ್ದು ಕೊರಳಿನ ಬಿಲ್ಲೆಯಿಂದ. ಸೆನ್ಸಾರ್ ಇತ್ತಲ್ಲ, ಎಲ್ಲಿ ಹೇಗೆ ಸತ್ತರು ಅಂತ ಪತ್ರಿಕೆಗಳಲ್ಲಿ ಬರಲಿಲ್ಲ. ಆ ಕೋಣೆಯಲ್ಲಿ ಕೆಲಸ ಮತ್ತೆ ಶುರುವಾಯಿತು, ಬೇರೆ ಹೆಂಗಸರು ತಾವಾಗಿಯೇ ಬಂದು ನಿಂತರು. ಕೊಟ್ಟವರು ಯಾರು ಇಲ್ಲಿ?

"ಮನೆಗೆಲಸದ ಆಳಾಗಿರುವುದಕ್ಕಿಂತ ಸಂಬಳ ಜಾಸ್ತಿ ಸಿಕ್ಕಿತಲ್ಲ" ಎನ್ನುವವರು ಬರುತ್ತಾರೆ, ಗೊತ್ತು. ಸಿಕ್ಕಿತು. ಎಷ್ಟೋ ಜನ ಯಜಮಾನಿಯ ಮನೆ ಬಿಟ್ಟು ಖುಷಿಯಿಂದಲೇ ಬಂದರು. ಆದರೆ ಗಂಡಸಿನ ಕೆಲಸಕ್ಕೆ ಗಂಡಸಿನ ಕೂಲಿ ಕೊಡದಿರುವ ಉಪಾಯ ನೋಡಿ: ಒಬ್ಬ ಕುಶಲಕರ್ಮಿಯ ಕೆಲಸವನ್ನು ತುಂಡು ತುಂಡು ಮಾಡಿ ಹಂಚುವುದು, ಲೇತ್ (ಲೋಹ ಕಡೆಯುವ ಯಂತ್ರ) ಹೊಂದಿಸಿಕೊಡಲು ಒಬ್ಬ ಗಂಡಸನ್ನು ಇಡುವುದು, ಆಮೇಲೆ "ಇವಳು ಪೂರ್ತಿ ಕೆಲಸ ಮಾಡುವುದಿಲ್ಲ" ಅಂತ ಕೂಲಿ ಕತ್ತರಿಸುವುದು. ಬೇಸತ್ತು ಬಿಟ್ಟು ಹೋಗೋಣವೆಂದರೆ, 1915ರ ಕಾನೂನಿನ ಪ್ರಕಾರ ಮಾಲೀಕನ ಬಿಡುಗಡೆ ಚೀಟಿ ಇಲ್ಲದೆ ಆರು ವಾರ ಬೇರೆ ಕಡೆ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ. 1917ರವರೆಗೂ ಇದ್ದ ನಿಯಮ. ಭಲೇ ಸ್ವಾತಂತ್ರ್ಯ.

ಮತದಾನದ ಹಕ್ಕಂತೂ ಎಲ್ಲರ ಬತ್ತಳಿಕೆಯ ಕೊನೆಯ ಬಾಣ. 1918ರಲ್ಲಿ ಸಿಕ್ಕಿದ್ದು 30 ದಾಟಿದ, ಅದರಲ್ಲೂ ಮನೆ-ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ. ಗಂಡಸಿಗೆ 21 ಸಾಕು, ಯುದ್ಧಕ್ಕೆ ಹೋದವನಿಗೆ 19. ಶೆಲ್ ತುಂಬಿದವರಲ್ಲಿ ಬಹಳಷ್ಟು ಮಂದಿ ಮೂವತ್ತರೊಳಗಿನ ಹುಡುಗಿಯರು! ಅವರು 1928ರವರೆಗೆ ಕಾಯಬೇಕಾಯಿತು, ಇಲ್ಲವೇ ಮೂವತ್ತು ತುಂಬುವವರೆಗೆ. ಮತಕ್ಕಾಗಿ ದಶಕಗಳಿಂದ ಬೀದಿಯಲ್ಲಿ ಕೂಗಿ, ಜೈಲಿನಲ್ಲಿ ಉಪವಾಸ ಕೂತವರ ಲೆಕ್ಕವನ್ನೂ ಈ "ಕೊಟ್ಟಿತು" ನುಂಗಿಹಾಕುತ್ತದೆ.

1919ರಲ್ಲಿ ಯುದ್ಧಪೂರ್ವ ಪದ್ಧತಿಗಳನ್ನು ಮರಳಿ ತರುವ ಕಾನೂನೇ ಆಯಿತು. ಲೇತ್ ಗಂಡಸಿಗೆ, ಹೆಂಗಸು ಮತ್ತೆ ಮನೆಗೆಲಸಕ್ಕೆ. ಯುದ್ಧಕಾಲದಲ್ಲಿ ಮದ್ದುಗುಂಡು ಮಾಡಿದ ಪ್ರೆಸ್ಟನ್ನಿನ ಡಿಕ್ ಕೆರ್ ಫ್ಯಾಕ್ಟರಿಯ ಹುಡುಗಿಯರ ಫುಟ್‌ಬಾಲ್ ತಂಡ ಮಾತ್ರ ಹಾಗೇ ಉಳಿದಿತ್ತು; 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು 53 ಸಾವಿರ ಜನ. ಮರುವರ್ಷ ಇಂಗ್ಲೆಂಡಿನ ಆಟದ ಆಡಳಿತ ಮಂಡಳಿಯಾದ ಫುಟ್‌ಬಾಲ್ ಅಸೋಸಿಯೇಷನ್ನು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ, ತನ್ನ ಕ್ಲಬ್‌ಗಳ ಮೈದಾನಗಳನ್ನೆಲ್ಲ ಅವರಿಗೆ ಮುಚ್ಚಿಬಿಟ್ಟಿತು. ತಾರೀಖು ಡಿಸೆಂಬರ್ 5. ಬಾರ್ನ್‌ಬೋ ಸಿಡಿದು ಸರಿಯಾಗಿ ಐದು ವರ್ಷ. ಆ ಬಾಗಿಲು ಮತ್ತೆ ತೆರೆದದ್ದು 1971ರಲ್ಲಿ.

ನಾಳೆಯೂ ಆ ಪೋಸ್ಟ್ ಶೇರ್ ಮಾಡುವವರಿದ್ದರೆ, ಕನಿಷ್ಠ ಚಿತ್ರವನ್ನಾದರೂ ಬದಲಿಸಿ ಮಾರಾಯ್ರೇ.